ದೊರೆ ಹಬ್ಬಕ್ಕೆ ಬಾರದ ಜೇನು

ಕಲ್ಲುಗುಡ್ಡೆ ಎಸ್ಟೇಟಿನಲ್ಲಿ ದೊರೆ ಹಬ್ಬಕ್ಕೆ ಇನ್ನು ಒಂದೇ ವಾರ ಇತ್ತು. ಶಾಲಿನಿ ಕಣದಲ್ಲಿ ಆಳುಗಳ ಲೈನ್ ಮನೆಗಳ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ನಾಟಕ ಹೇಳಿಕೊಡುತ್ತಿದ್ದಳು. ತೊಂಬತ್ತೊಂಬತ್ತನೇ ಇಸವಿ, ಶಿವರಾತ್ರಿಯ ಮರುದಿನ. ಕಾಫಿ ಒಣಗಿ ಮೂಟೆ ಕಟ್ಟಿ ಸಾಗಿಸಿಯಾಗಿತ್ತು. ಕಣದ ಒಂದು ಮೂಲೆಯಲ್ಲಿ ಕಾಳುಮೆಣಸು ಮಾತ್ರ ಹರವಿತ್ತು. ಬಾಳೂರಿನ ಮೇಲಿನ ಗುಡ್ಡಗಳೆಲ್ಲ ಬಿಸಿಲಿಗೆ ಮಂಕು ಹಿಡಿದಿದ್ದವು. ಕಾಫಿ ಗಿಡ ಅರಳಿಸುವ ಹೂ ಮಳೆಯ ಸುಳಿವೇ ಇರಲಿಲ್ಲ. ಎಸ್ಟೇಟಿನವರು ಮಾತಾಡುತ್ತ ಆಡುತ್ತ ನಡುವೆ ತಲೆಯೆತ್ತಿ ಆಕಾಶ ನೋಡುವುದು, ನೋಡಿ ಮಾತು ಮರೆಯುವುದು, ಇದೇ ನಡೆದಿತ್ತು.

ನಾಟಕ ಹಳೆಯದು. ಎಸ್ಟೇಟ್ ಶಾಲೆಯಲ್ಲಿದ್ದ ಯಾವುದೋ ಮೇಷ್ಟ್ರು ಎಂದೋ ಬರೆದದ್ದು. ಮದುವೆಯಾಗಿ ಬಂದ ವರ್ಷದಿಂದ ಶಾಲಿನಿಯೇ ಅದನ್ನು ಮಾಡಿಸುತ್ತಿದ್ದಳು. ಹ್ಯಾಟು ಹಾಕಿಕೊಂಡ ದೊರೆ ಕಾಡಿಗೆ ಬರುತ್ತಾನೆ. ಮೈಗೆ ಮಸಿ ಬಳಿದುಕೊಂಡು, ಸೊಂಟಕ್ಕೆ ಬಗನಿ ಗರಿ ಕಟ್ಟಿಕೊಂಡ ಕಾಡಿನ ಜನ ‘ಊ ಊ’ ಎಂದು ಕುಣಿಯುತ್ತಾರೆ. ದೊರೆ ಅವರಿಗೆ ಬೆಲ್ಲ ಕೊಡುತ್ತಾನೆ. ಅವರು ಮಂಡಿಯೂರಿ, ‘ದೊರೆಯೇ, ಈ ಬೆಟ್ಟ ಇನ್ನು ನಿಮ್ಮದು’ ಎನ್ನುತ್ತಾರೆ. ಅಷ್ಟೇ. ಈ ಸಲ ದೊರೆ ಅವಳ ಮಗ ಲಿಖಿತ್. ತಾತನ ಹಳೆಯ ಹ್ಯಾಟು ಕಣ್ಣಿನ ಮೇಲೆ ಜಾರಿ ಜಾರಿ ಬಿದ್ದು ಅವನಿಗೆ ಮಾತೇ ಮರೆತುಹೋಗುತ್ತಿತ್ತು.

ಆಗ ಭಾಗಮ್ಮ ಮೆಣಸಿನ ಚೀಲ ಹೊತ್ತು ಕಣಕ್ಕೆ ಬಂದಳು. ಎಸ್ಟೇಟಿನ ಮೇಲ್ತುದಿ ದಾಟಿದರೆ ಸಿಗುವ ಮಲೆಕುಡಿಯರ ನಾಲ್ಕಾರು ಮನೆಗಳಲ್ಲಿ ಅವಳದೂ ಒಂದು. ಐವತ್ತು ದಾಟಿದ ಹೆಂಗಸು. ಮೆಣಸು ಕುಯ್ಯುವ ಕಾಲದಲ್ಲಿ ಕೆಳಗಿಳಿದು ಬರುತ್ತಿದ್ದಳು. ದೊರೆ ಹಬ್ಬದ ದಿನ ಮಾತ್ರ ಬರುತ್ತಿರಲಿಲ್ಲ. ಆ ದಿನ ಜೇನು ಹೊತ್ತುಕೊಂಡು ಬರುತ್ತಿದ್ದವರು ಗಂಡಸರೇ: ಅವಳ ಅಪ್ಪ ಲಿಂಗಪ್ಪ, ಅವನ ಹಿಂದೆ ಅವನ ತಮ್ಮ. ಹೋದ ಮಳೆಗಾಲದಲ್ಲಿ ಲಿಂಗಪ್ಪ ತೀರಿಕೊಂಡಿದ್ದ.

ಚೀಲ ಇಳಿಸಿ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಅವಳು ಮಸಿ ಬಳಿದು ಗರಿ ಕಟ್ಟಿದ್ದ ಮಕ್ಕಳನ್ನು ನೋಡಿದಳು.

‘ಇವರೆಲ್ಲ ಯಾರಮ್ಮ?’

‘ಮಲೆಕುಡಿಯರು’ ಅಂದುಬಿಟ್ಟಳು ಶಾಲಿನಿ. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

ಭಾಗಮ್ಮ ಒಂದೊಂದೇ ಮಗುವನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟೇನೂ ಇದ್ದಂತೆ ಕಾಣಲಿಲ್ಲ. ‘ನಾವು ಯಾವಾಗ ಗರಿ ಕಟ್ಟಿದ್ವಿ?’ ಎಂದಳು, ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವವಳ ಹಾಗೆ. ‘ಊ ಊ ಅಂತ ಯಾಕೆ ಕೂಗ್ತಾವೆ? ಮಾತು ಬರಲ್ವಾ ಇವಕ್ಕೆ?’

ಮಕ್ಕಳು ಕಿಸಕ್ಕನೆ ನಕ್ಕವು. ಭಾಗಮ್ಮನೂ ಸ್ವಲ್ಪ ನಕ್ಕಳು. ಆಮೇಲೆ ಚೀಲ ಎತ್ತಿಕೊಂಡು ತೂಕಕ್ಕೆ ಹೋದಳು.

ಶಾಲಿನಿ ನಾಟಕ ಮುಂದುವರಿಸಲು ನೋಡಿದಳು. ಆಗಲಿಲ್ಲ. ‘ಇವತ್ತಿಗೆ ಸಾಕು, ಮುಖ ತೊಳ್ಕೊಂಡು ಹೋಗಿ’ ಎಂದು ಮಕ್ಕಳನ್ನು ಕಳಿಸಿದಳು. ಕಣದ ಕಟ್ಟೆಯ ಮೇಲೆ ಕೂತಳು, ಎದ್ದಳು, ಮೆಣಸನ್ನು ಕಾಲಿನಿಂದ ಕೆದಕಿದಳು, ಮತ್ತೆ ಕೂತಳು. ಇಷ್ಟು ವರ್ಷ ತಾನೇ ಕೈ ಹಿಡಿದು ಮಸಿ ಬಳಿದಿದ್ದಳಲ್ಲ, ಒಂದು ದಿನವಾದರೂ ಹೀಗೆ ಅನ್ನಿಸಿರಲಿಲ್ಲವೇ ಎಂದು ತನ್ನನ್ನೇ ಕೇಳಿಕೊಂಡಳು. ಅನ್ನಿಸಿರಲಿಲ್ಲ. ಅದೇ ಅವಳಿಗೆ ಹೆಚ್ಚು ಕಸಿವಿಸಿಯಾಯಿತು.

ಸಂಜೆ ಅಡಿಗೆಮನೆಯಲ್ಲಿ ಅತ್ತೆ ಕೃಷ್ಣಮ್ಮ ಹಬ್ಬದ ಮಸಾಲೆಗೆಂದು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು. ಎಂಟು ಕುರಿ ಬೀಳುವ ಹಬ್ಬ. ಲೈನಿನವರಿಗೆಲ್ಲ ಊಟ, ಹಗ್ಗ ಜಗ್ಗಾಟ, ಓಟದ ಪಂದ್ಯ. ಕೊನೆಗೆ ಮೊದಲ ದೊರೆಯ ಕೊಡಲಿಯಿಂದ ಎಸ್ಟೇಟಿನ ಯಜಮಾನರು ಒಂದು ದಿಮ್ಮಿಗೆ ಏಟು ಹಾಕುವುದು. ಆ ದೊರೆ ಹಾರ್ಟನ್ ಅಂತ. ಕಾಡು ಕಡಿಯಲು ಶುರು ಮಾಡಿದ ದಿನವೆಂದು ಅವನೇ ಹಬ್ಬ ಹಾಕಿದ್ದ. ಬಿಳಿಯರು ಇದ್ದಷ್ಟು ದಿನ ಅದಕ್ಕೆ ಓಪನಿಂಗ್ ಡೇ ಅನ್ನುತ್ತಿದ್ದರಂತೆ. ಆಳುಗಳ ಬಾಯಲ್ಲಿ ಮೊದಲಿಂದಲೂ ದೊರೆ ಹಬ್ಬವೇ.

‘ಅತ್ತೆ, ಈ ಸಲ ನಾಟಕ ಬೇಡ ಅಂತ ನನಗೆ’ ಎಂದಳು ಶಾಲಿನಿ.

‘ಯಾಕೆ? ಮಕ್ಕಳು ಕಲೀತಿಲ್ವಾ?’

‘ಕುಡಿಯರನ್ನ ಹಾಗೆ ಕೋತಿ ತರ ತೋರಿಸೋದು ಚೆನ್ನಾಗಿಲ್ಲ.’

ಕೃಷ್ಣಮ್ಮ ತಲೆಯೆತ್ತಿ ನೋಡಿದರು. ‘ನಾಟಕ ಬೇಡದಿದ್ರೆ ಬಿಡು. ಮಕ್ಕಳ ಹತ್ರ ಪದ ಹೇಳಿಸು. ಆದ್ರೆ ಜೇನು ಬರ್ಲೇಬೇಕು. ಕುಡಿಯರು ಜೇನು ತಂದು ಕೊಟ್ಟ ಮೇಲೇ ಕೊಡಲಿ ಮುಟ್ಟೋದು. ನಿಮ್ಮ ಮಾವ ಇದ್ದಾಗಿಂದ ಹಾಗೇ ಆಗಿರೋದು.’

‘ದೊರೆಗೆ ಕಾಣಿಕೆ ಕೊಡ್ತಿದ್ದಿದ್ದು ಅದು. ದೊರೆನೇ ಇಲ್ಲ, ಇನ್ನೂ ಯಾಕೆ ಅತ್ತೆ?’

‘ಈ ಹಬ್ಬ ದೊರೆದಲ್ಲ ಕಣೆ’ ಎಂದರು ಕೃಷ್ಣಮ್ಮ. ಅವರ ದನಿ ಗಟ್ಟಿಯಾಯಿತು. ‘ನಿಮ್ಮ ಮಾವಂದು. ಇಲ್ಲೇ ಲೆಕ್ಕ ಬರೆಯೋ ರೈಟರಾಗಿದ್ದರಲ್ಲ, ಹದಿನೆಂಟು ವರ್ಷ ಈ ಬಂಗಲೆ ಮೆಟ್ಟಲ ಕೆಳಗೆ ಚಪ್ಪಲಿ ಬಿಟ್ಟು, ಹತ್ತಿ, ಕೈಕಟ್ಟಿ ನಿಂತೋರು. ಕೊನೇ ದೊರೆ ಊರಿಗೆ ಹೊರಟಾಗ ಇವರಿಗೇ ಎಸ್ಟೇಟ್ ಮಾರಿದ. ದೊರೆ ಹಬ್ಬದ ದಿನ ಎಲ್ಲ ಜನರ ಎದುರಿಗೆ ಬೀಗದ ಕೈ ಕೊಟ್ಟ. ಆವತ್ತು ಇವರು ಚಪ್ಪಲಿ ಹಾಕ್ಕೊಂಡೇ ಹತ್ತಿದ್ರು. ನಾನು ಕೆಳಗೆ ನಿಂತು ನೋಡ್ದೆ. ಆಮೇಲೆ ಲಿಂಗಪ್ಪ ಬಂದು ಇವರ ಕೈಗೆ ಜೇನು ಕೊಟ್ಟ. ದೊರೆ ಕೈಗಲ್ಲ, ಇವರ ಕೈಗೆ. ಇನ್ನೇನು ಬೇಕು?’

ಮಾವ ತಿಮ್ಮಪ್ಪ ಸತ್ತು ಎರಡು ವರ್ಷವಾಗಿತ್ತು. ಅತ್ತೆ ಅವರ ಹೆಸರೆತ್ತಿ ಇಷ್ಟು ಹೊತ್ತು ಮಾತಾಡಿದ್ದೇ ಕಡಿಮೆ.

ಅವಳ ಗಂಡ ಅರುಣ್‌ಗೆ ಆ ವಾರ ಹಬ್ಬದ ಯೋಚನೆಯೇ ಇರಲಿಲ್ಲ. ಮಳೆ ಬಾರದಿದ್ದುದರಿಂದ ಮೇಲಿನ ರೋಬಸ್ಟಾ ಬ್ಲಾಕಿಗೆ ಸ್ಪ್ರಿಂಕ್ಲರಿನಿಂದ ಹೂ ನೀರು ಹಾಯಿಸುತ್ತಿದ್ದ. ಮೊಗ್ಗು ಕಟ್ಟಿದ ಗಿಡಕ್ಕೆ ಈ ಹೊತ್ತಿನಲ್ಲಿ ನೀರು ಬೀಳದಿದ್ದರೆ ಹೂವಿಲ್ಲ, ಹೂವಿಲ್ಲದಿದ್ದರೆ ಬರುವ ವರ್ಷದ ಫಸಲಿಲ್ಲ. ಗುಡ್ಡದ ಹೊಂಡದ ಪಕ್ಕ ಹಗಲೂ ರಾತ್ರಿ ಡೀಸೆಲ್ ಪಂಪು ಓಡುತ್ತಿತ್ತು. ಅದರ ಡುಗುಡುಗು ಬಂಗಲೆಯವರೆಗೂ ಕೇಳುತ್ತಿತ್ತು. ‘ಏನು ಬೇಕಾದ್ರೂ ಮಾಡು ಮಾರಾಯ್ತಿ, ಅಮ್ಮನಿಗೆ ಬೇಜಾರಾಗದ ಹಾಗೆ ಮಾಡು’ ಎಂದು ಹೇಳಿ ಅವನು ಜೀಪು ಹತ್ತಿದ.

ಶಾಲಿನಿ ಎರಡು ದಿನ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಕುಡಿಯರು ಕಾಣಿಕೆಯ ಹಾಗೆ ಕೆಳಗೆ ನಿಂತು ಜೇನು ಕೊಡುವುದರ ಬದಲು, ಅವರನ್ನೇ ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿ ಗೌರವಿಸಿ, ಆಮೇಲೆ ಜೇನು ತೆಗೆದುಕೊಳ್ಳುವುದು. ಈ ಬೆಟ್ಟದ ಮೊದಲ ಜನ ಇವರು ಎಂದು ಮೈಕಿನಲ್ಲಿ ಹೇಳುವುದು. ಅತ್ತೆಗೆ ಜೇನೂ ಸಿಗುತ್ತದೆ, ಅವರಿಗೆ ಮರ್ಯಾದೆಯೂ ಸಿಗುತ್ತದೆ. ಮನಸ್ಸು ಒಂದಿಷ್ಟು ಹಗುರಾಯಿತು. ಡ್ರೈವರ್ ಮಂಜಯ್ಯನ ಜೊತೆ ಆಲ್ದೂರಿಗೆ ಹೋಗಿ ಜರಿಯಂಚಿನ ಶಾಲು ಕೊಂಡುಕೊಂಡಳು. ಮರುದಿನ ಮಧ್ಯಾಹ್ನ ಒಬ್ಬಳೇ ಮೇಲಿನ ಮನೆಗಳಿಗೆ ಹತ್ತಿದಳು.

ಭಾಗಮ್ಮ ಅಂಗಳದಲ್ಲಿ ಬೆತ್ತ ಸೀಳುತ್ತಿದ್ದಳು. ಮಣೆ ಹಾಕಿ ಕೂರಿಸಿದಳು, ನೀರು ಬೆಲ್ಲ ತಂದಿಟ್ಟಳು. ಶಾಲಿನಿ ಎಲ್ಲ ವಿವರಿಸಿದಳು. ಕುರ್ಚಿ, ಹಾರ, ಮೈಕು. ಭಾಗಮ್ಮ ಬೆತ್ತ ಬಿಡದೆ ಕೇಳಿದಳು.

‘ಶಾಲು ಎಂಥಕ್ಕಮ್ಮ, ಈ ಸೆಕೆಗೆ?’

ಶಾಲಿನಿ ನೀರಿನ ಲೋಟ ಕೈಗೆತ್ತಿಕೊಂಡಳು.

‘ನಾವು ಈ ಸಲ ಇಳಿಯಲ್ಲ’ ಎಂದಳು ಭಾಗಮ್ಮ. ‘ಅಪ್ಪ ಇರೋವರೆಗೆ ಹೋದ. ದೊಡ್ಡ ಯಜಮಾನರು ಜೀಪು ಕಳಿಸ್ತಿದ್ರು, ಬಾಗಿಲಿಗೆ ಜೀಪು ಬಂದ ಮೇಲೆ ಹೇಗೆ ಇಲ್ಲ ಅನ್ನೋದು ಅಂತ ಹೋಗ್ತಿದ್ದ. ಈಗ ಅಪ್ಪ ಇಲ್ಲ.’

‘ನಿಮಗೆ ಅವಮಾನ ಆಗದ ಹಾಗೆ ಮಾಡ್ತೀನಿ ಅಂತಲೇ ಬಂದೆ.’

‘ಅದಲ್ಲಮ್ಮ. ಆ ದಿನ ನಮ್ಮದು.’

ಶಾಲಿನಿಗೆ ಅರ್ಥವಾಗಲಿಲ್ಲ. ಭಾಗಮ್ಮ ಬೆತ್ತ ಪಕ್ಕಕ್ಕಿಟ್ಟಳು.

‘ಶಿವರಾತ್ರಿ ಕಳೆದ ಮೇಲಿನ ಭಾನುವಾರ ಅಲ್ವಾ ನಿಮ್ಮ ಹಬ್ಬ? ಬಿಳೀ ದೊರೆಗೆ ಶಿವರಾತ್ರಿ ಎಲ್ಲಿ ಗೊತ್ತು? ಅದು ನಮ್ಮ ಮನೆತನದ ಹಿರಿಯರಿಗೆ ಎಡೆ ಇಡೋ ದಿನ. ಜೇನಿಗೆ ಹೋಗೋ ಮುಂಚೆ ಹೊಂಡದ ಹತ್ರ ಇಡೋದು. ಆವಾಗ ನಮ್ಮೋರು ಬೆಟ್ಟ ತುಂಬ ಚದುರಿದ್ರಂತೆ, ದೊರೆ ಎಷ್ಟು ಹುಡುಕಿಸಿದ್ರೂ ಕೆಲಸಕ್ಕೆ ಜನ ಸಿಗ್ತಿರಲಿಲ್ಲ. ಈ ದಿನ ಎಲ್ಲರೂ ಒಂದೇ ಕಡೆ ಸೇರ್ತಾರೆ ಅಂತ ಯಾರೋ ಹೇಳಿಕೊಟ್ರು. ಬಂದ, ಸುತ್ತ ಜನ ನಿಲ್ಲಿಸ್ದ, ಕೈಗೆ ಕೊಡಲಿ ಕೊಟ್ಟ. ಇಲ್ಲಿಂದ ಕಡೀರಿ ಅಂದ. ಎಡೆ ಎಲೆ ಮೇಲೆ ಹಾಗೇ ಉಳೀತು ಅಂತ ನನ್ನ ಅಜ್ಜಿ ಹೇಳ್ತಿದ್ಲು. ಅವಳಿಗೆ ಅವಳ ಅಜ್ಜಿ ಹೇಳಿದ್ದು.’

ಹೊಂಡದ ಕಡೆಯಿಂದ ಪಂಪಿನ ಸದ್ದು ಬರುತ್ತಿತ್ತು. ಇಲ್ಲಿ ಅದು ಇನ್ನೂ ಜೋರು.

‘ಆಮೇಲೆ ಪ್ರತೀ ವರ್ಷ ಅದೇ ದಿನ ಕೆಳಗೆ ಕರೆಸಿದ್ರು. ಅಪ್ಪ ಮರುದಿನ ಎಡೆ ಇಡ್ತಿದ್ದ. ಹಳಸಿದ ದಿನ ಅಂತಿದ್ದ ಅದಕ್ಕೆ. ಇಟ್ಟು ಬಂದು ಊಟ ಮಾಡ್ತಿರಲಿಲ್ಲ.’ ಭಾಗಮ್ಮ ಮತ್ತೆ ಬೆತ್ತ ಕೈಗೆತ್ತಿಕೊಂಡಳು. ‘ಈ ಸಲ ಆ ದಿನವೇ ಇಡ್ತೀವಿ. ನಮಗೆ ಏನೂ ಕೊಡಬೇಡಿ. ಜೀಪು ಕಳಿಸಬೇಡಿ. ಹೊಂಡದ ಹತ್ರ ಇರೋ ಇಂಜಿನ್ನು ಆ ಹೊತ್ತು ನಿಲ್ಲಿಸಿ. ಸದ್ದು ಇದ್ರೆ ಆಗಲ್ಲ. ಕರೀಬೇಕು, ಕರೆದಿದ್ದಕ್ಕೆ ಅಲ್ಲಿಂದ ಏನಾದ್ರೂ ಕೇಳಿಸ್ತದಾ ಅಂತ ಕಾಯಬೇಕು.’

‘ಅಷ್ಟೇ ತಾನೆ? ನಿಲ್ಲಿಸ್ತೀನಿ’ ಎಂದುಬಿಟ್ಟಳು ಶಾಲಿನಿ.

ಇಳಿಯುವಾಗ ದಾರಿಯಲ್ಲಿ ಅವಳಿಗೆ ತಾನು ಏನು ಒಪ್ಪಿಕೊಂಡು ಬಂದೆ ಎನ್ನುವುದು ತಿಳಿಯಿತು. ಶಾಲಿಗೆ ಹೆಚ್ಚು ಖರ್ಚಿರಲಿಲ್ಲ. ಪಂಪು ಹಾಗಲ್ಲ. ಹೊಂಡದ ನೀರು ಆಗಲೇ ತಳ ಕಾಣುತ್ತಿತ್ತು. ಅರುಣ್ ದಿನಕ್ಕೆ ಮೂರು ಸಲ ಹೋಗಿ ಕೋಲು ಇಳಿಸಿ ನೋಡಿ ಬರುತ್ತಿದ್ದ. ಅವನಿಗೆ ಹೇಗೆ ಹೇಳುವುದು? ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿದಳು. ರಾತ್ರಿ ಮಲಗಿದರೆ ಆ ಡುಗುಡುಗು ಕಿವಿಯಲ್ಲೇ ಕೂತಂತೆ. ಹಗಲು ಮಕ್ಕಳಿಗೆ ಪದ ಹೇಳಿಕೊಡುತ್ತಿದ್ದರೂ ಮನಸ್ಸು ಪಂಪಿನ ಕಡೆಗೇ. ಶಾಲನ್ನು ಬೀರುವಿನಲ್ಲಿಟ್ಟಳು, ಹೊರಗೆ ತೆಗೆದಳು, ಮತ್ತೆ ಇಟ್ಟಳು.

ಹಬ್ಬದ ಹಿಂದಿನ ಸಂಜೆ, ಜಗಲಿಯಲ್ಲಿ ಕಾಫಿ ಕೊಡುತ್ತ ಹೇಳಿದಳು. ಅರುಣ್ ಲೋಟ ಕೆಳಗಿಟ್ಟ.

‘ನೀನು ಮಾತು ಕೊಟ್ಟು ಬಂದ್ಯಾ? ನನ್ನ ಕೇಳದೆ?’

‘ಅರ್ಧ ದಿನ ಅಷ್ಟೇ ರೀ.’

‘ಅರ್ಧ ದಿನ ಅಂದ್ರೆ ಎಂಥದು ಅಂತ ಗೊತ್ತಾ ನಿನಗೆ? ಪೈಪು ಇಳಿಸಿ ಬ್ಲಾಕ್ ಅರ್ಧಕ್ಕೆ ಬಿಟ್ರೆ, ಅರ್ಧ ನೀರು ಕುಡಿದ ಗಿಡದ ಮೊಗ್ಗು ಸುಟ್ಟುಹೋಗ್ತದೆ. ಅವರು ಎಡೆ ಇಡ್ಲಿ, ಪೂಜೆ ಮಾಡ್ಲಿ, ನಾನು ಬೇಡ ಅಂದ್ನಾ? ದೇವರಮನೆ ಬೆಟ್ಟದ ಗುಡಿಗೆ ಹೋಗಿ ನೋಡು, ಜಾತ್ರೆ ದಿನ ಎಷ್ಟು ಬಸ್ಸು, ಎಷ್ಟು ಸದ್ದು. ದೇವರು ಓಡಿ ಹೋಗ್ತಾನಾ?’

‘ಅವರ ದೇವರು ಬೇರೆ ರೀತಿ ಇರಬಹುದು.’

‘ಇರ್ಲಿ. ಪಂಪು ನಿಲ್ಲಲ್ಲ.’

ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆಯೇ ಕಣ ತುಂಬಿತು. ಲೈನಿನ ಹೆಂಗಸರು ತಲೆತುಂಬ ಹೂ ಮುಡಿದು ಬಂದಿದ್ದರು. ಮಕ್ಕಳು ಪದ ಹೇಳಿದವು. ಕ್ಲಬ್ಬಿನ ಪ್ಲಾಂಟರುಗಳ ಜೀಪುಗಳು ಒಂದರ ಹಿಂದೆ ಒಂದು ಬಂದು ನಿಂತವು. ಆಲ್ದೂರಿನ ಕಾಫಿ ವ್ಯಾಪಾರಿ ಸೋಮಶೇಖರಪ್ಪನವರು ಪ್ರತಿ ವರ್ಷದಂತೆ ಭಾಷಣಕ್ಕೆ ನಿಂತರು.

‘ಹಾರ್ಟನ್ ಸಾಹೇಬರು ಬರದೇ ಇದ್ದಿದ್ರೆ ಈ ಬೆಟ್ಟದಲ್ಲಿ ಇವತ್ತು ಏನಿರ್ತಿತ್ತು? ಕರಡಿ ಇರ್ತಿತ್ತು! ಯಾರಿದ್ರು ಇಲ್ಲಿ? ಯಾರೂ ಇರಲಿಲ್ಲ!’

ಜನ ಚಪ್ಪಾಳೆ ತಟ್ಟಿದರು. ಅವರ ಮಾತಿನ ಹಿಂದೆ, ಗುಡ್ಡದ ಮೇಲಿನಿಂದ, ಪಂಪು ಓಡುತ್ತಲೇ ಇತ್ತು. ಶಾಲಿನಿ ಕುರ್ಚಿಯಲ್ಲಿ ಕೂರಲಾರದೆ ಎದ್ದು ಅಡಿಗೆಯ ಕಡೆ ಹೋದಳು. ಅಲ್ಲಿ ಏನೂ ಕೆಲಸವಿರಲಿಲ್ಲ. ನೀರಿನ ಲೋಟಗಳನ್ನು ಎಣಿಸಲು ಹೋಗಿ ಲೆಕ್ಕ ತಪ್ಪಿದಳು. ತಿರುಗಿ ಬಂದಳು.

ದಿಮ್ಮಿ ಸಿದ್ಧವಾಗಿತ್ತು. ಕೆಂಪು ಬಟ್ಟೆಯ ಮೇಲೆ ಕೊಡಲಿ. ಕೃಷ್ಣಮ್ಮ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತು ಮೇಲಿನ ದಾರಿಯನ್ನೇ ನೋಡುತ್ತಿದ್ದರು. ಯಾರೂ ಇಳಿದು ಬರಲಿಲ್ಲ.

‘ಮಂಜಯ್ಯ’ ಎಂದು ಕರೆದರು. ‘ಜೀಪು ತಗೊಂಡು ಹೋಗು. ಕುಡಿಯರನ್ನ ಕೂರಿಸ್ಕೊಂಡು ಬಾ. ಮರೆತಿರಬೇಕು.’

‘ನಾನೇ ಹೋಗ್ತೀನಿ ಅತ್ತೆ’ ಎಂದಳು ಶಾಲಿನಿ. ಯಾರಾದರೂ ಏನಾದರೂ ಅನ್ನುವುದರೊಳಗೆ ಜೀಪಿನಲ್ಲಿ ಕೂತಿದ್ದಳು.

ದಾರಿಯಲ್ಲಿ ಮಂಜಯ್ಯ ಒಂದು ಸಲ ಅವಳ ಮುಖ ನೋಡಿದ. ‘ಮನೆಗಳ ಹತ್ರನಾ ಅಮ್ಮ?’

‘ಅಲ್ಲ. ಹೊಂಡದ ಹತ್ರ.’

ಹೊಂಡದ ಅಂಚಿನಲ್ಲಿ ಪಂಪು ನಡುಗುತ್ತ ನಿಂತಿತ್ತು. ಹೊಗೆ ಮೇಲಿನ ಮರಗಳಿಗೆ ಸುತ್ತಿಕೊಂಡಿತ್ತು. ಅದರಾಚೆ, ಬಂಡೆಯ ಕೆಳಗೆ, ಕುಡಿಯರೆಲ್ಲ ಸಾಲಾಗಿ ಕೂತಿದ್ದರು: ಹೆಂಗಸರು, ಗಂಡಸರು, ಮಡಿಲಲ್ಲಿ ಮಲಗಿದ ಮಕ್ಕಳು. ಮುಂದೆ ಎಲೆಗಳ ಮೇಲೆ ಎಡೆ. ಬೆಳಿಗ್ಗೆಯಿಂದ ಕೂತಿದ್ದರೆಂದು ಕಾಣುತ್ತದೆ. ಎಲೆಯ ಅಂಚು ಬಾಡಿ ಸುರುಳಿಯಾಗಿತ್ತು. ಯಾರೂ ಕರೆಯುತ್ತಿರಲಿಲ್ಲ, ಯಾರೂ ಎದ್ದೂ ಹೋಗಿರಲಿಲ್ಲ. ಭಾಗಮ್ಮ ಶಾಲಿನಿಯನ್ನು ನೋಡಿದಳು. ಕಣ್ಣಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

‘ಆಫ್ ಮಾಡು’ ಎಂದಳು ಶಾಲಿನಿ ಪಂಪಿನವನಿಗೆ.

‘ಯಜಮಾನರು ಹೇಳಿಲ್ಲವಲ್ಲ ಅಮ್ಮ…’

‘ನಾನು ಹೇಳ್ತಿದ್ದೀನಿ.’

ಪಂಪು ಕೆಮ್ಮಿ, ಎರಡು ಸಲ ಒದ್ದಾಡಿ ನಿಂತಿತು. ಹೊಂಡದ ಕೆಳಗಿನ ಬ್ಲಾಕಿನಲ್ಲಿ ಸ್ಪ್ರಿಂಕ್ಲರುಗಳ ಚಟ್ ಚಟ್ ಸದ್ದು ಸಣ್ಣಗಾಗುತ್ತ ಹೋಗಿ ಅದೂ ನಿಂತಿತು. ಆ ಮೌನ ಎಷ್ಟು ದೊಡ್ಡದಿತ್ತೆಂದರೆ ಅವಳ ಕಿವಿ ಗುಂಯ್‌ಗುಟ್ಟಿತು. ಭಾಗಮ್ಮ ಕೈಯಿಂದ ಸನ್ನೆ ಮಾಡಿದಳು: ಹೋಗಿ. ಶಾಲಿನಿ ಪಂಪಿನವನನ್ನೂ ಕರೆದುಕೊಂಡು ಹಿಂದಿರುಗಿದಳು. ತಿರುವಿನಾಚೆ ಜೀಪನ್ನು ದಾರಿಗಡ್ಡ ನಿಲ್ಲಿಸಿ, ಯಾರೂ ಮೇಲೆ ಹೋಗದಂತೆ ಅದರಲ್ಲೇ ಕೂತಳು.

ಹೆಚ್ಚು ಹೊತ್ತಾಗಲಿಲ್ಲ, ಅರುಣನ ಬುಲೆಟ್ ಬೈಕು ಏರಿ ಬರುವ ಸದ್ದು ಕೇಳಿತು. ಶಾಲಿನಿ ಇಳಿದು ಓಡಿದಳು. ಕೈ ಅಡ್ಡ ಹಿಡಿದು ನಿಲ್ಲಿಸಿದಳು.

‘ಇಲ್ಲೇ ಆಫ್ ಮಾಡಿ. ದಯವಿಟ್ಟು.’

ಅವನು ಆಫ್ ಮಾಡಿದ. ಮುಖ ಕೆಂಪಾಗಿತ್ತು. ‘ಅಲ್ಲಿ ಎಲ್ಲರ ಮುಂದೆ ಅಮ್ಮ ಒಬ್ಬರೇ ಕೂತಿದ್ದಾರೆ. ಇಲ್ಲಿ ನೀರು ನಿಂತಿದೆ. ನಿನಗೆ ಏನಾಗಿದೆ?’

‘ಅವರು ಬೆಳಿಗ್ಗೆಯಿಂದ ಕಾಯ್ತಾ ಕೂತಿದ್ದಾರೆ ರೀ. ಎಡೆ ಇಟ್ಟುಕೊಂಡು. ನಾನು ಮಾತು ಕೊಟ್ಟಿದ್ದೆ.’

‘ನಾನು ಕೊಟ್ಟಿರಲಿಲ್ಲ.’

ಅವನು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಮೇಲಿನಿಂದ ಒಂದು ದನಿ ಬಂತು. ಗಂಡಸಿನ ದನಿ, ವಯಸ್ಸಾದದ್ದು, ಆದರೆ ಗಟ್ಟಿ. ಉದ್ದಕ್ಕೆ ಎಳೆದ ಒಂದು ಮಾತು, ಬಳಿಕ ಇನ್ನೊಂದು. ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ಮುಟ್ಟಿದಂತೆ. ಆಮೇಲೆ ಏನೂ ಇಲ್ಲ. ಕಾಯುವ ಮೌನ. ಮತ್ತೆ ಅದೇ ದನಿ, ಹೆಸರು ಹೆಸರು ಹಿಡಿದು ಕರೆಯುವ ಹಾಗೆ.

ಅರುಣ್ ನಿಂತ.

‘ಇದು ಲಿಂಗಪ್ಪನ ತಮ್ಮ ಅಲ್ವಾ?’ ಎಂದ ಮೆಲ್ಲಗೆ.

‘ಇರಬೇಕು.’

‘ನಾನು ಸಣ್ಣವನಿದ್ದಾಗಿಂದ ನೋಡಿದ್ದೀನಿ. ಪ್ರತೀ ಹಬ್ಬಕ್ಕೆ ಲಿಂಗಪ್ಪನ ಹಿಂದೆ ನಿಂತಿರ್ತಿದ್ದ. ಒಂದು ಮಾತು ಆಡಿದ್ದು ಕೇಳಿಲ್ಲ. ಮೂಗ ಅಂತ ತಿಳ್ಕೊಂಡಿದ್ದೆ.’

ದನಿ ಮತ್ತೆ ಬಂತು. ಅರುಣ್ ಬುಲೆಟ್ಟಿನ ಸೀಟಿಗೆ ಒರಗಿದ. ಜೇಬಿನಿಂದ ಸಿಗರೇಟು ತೆಗೆದವನು ಹಚ್ಚದೆ ಬೆರಳಲ್ಲೇ ಹಿಡಿದುಕೊಂಡ. ‘ಎರಡು ಗಂಟೆ. ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ’ ಎಂದ. ಬುಲೆಟ್ ಸ್ಟಾರ್ಟ್ ಮಾಡಲಿಲ್ಲ. ಇಳಿಜಾರಿನಲ್ಲಿ ನ್ಯೂಟ್ರಲಿನಲ್ಲೇ ಬಿಟ್ಟುಕೊಂಡು ಹೋದ.

ಶಾಲಿನಿ ಕೆಳಗೆ ಬರುವಾಗ ಬಿಸಿಲು ವಾಲಿತ್ತು. ಹಗ್ಗ ಜಗ್ಗಾಟ ಮುಗಿದು ಲೈನಿನವರು ಗೆದ್ದವರ ಹೆಸರು ಹೇಳಿ ಕೂಗುತ್ತಿದ್ದರು. ಕ್ಲಬ್ಬಿನವರು ಉಂಡು ಹೋಗಿದ್ದರು. ದಿಮ್ಮಿ ಏಟಿಲ್ಲದೆ ಹಾಗೇ ಬಿದ್ದಿತ್ತು. ಕೊಡಲಿ ಅದರ ಬಟ್ಟೆಯ ಮೇಲೇ ಇತ್ತು. ಜೇನಿಲ್ಲದೆ ಕೊಡಲಿ ಮುಟ್ಟುವುದು ಬೇಡ ಎಂದು ಅತ್ತೆ ಹೇಳಿದರಂತೆ, ಊಟ ಬಡಿಸಿ ಎಂದರಂತೆ.

ಕೃಷ್ಣಮ್ಮ ಜಗಲಿಯಲ್ಲಿ ರೇಷ್ಮೆ ಸೀರೆಯಲ್ಲೇ ಕೂತಿದ್ದರು. ಶಾಲಿನಿ ಎದುರಿಗೆ ಹೋಗಿ ನಿಂತಳು. ಬಯ್ಯಲಿ ಎಂದು ಕಾದಳು.

‘ಊಟ ಆಯ್ತಾ?’ ಎಂದರು.

‘ಇಲ್ಲ ಅತ್ತೆ.’

‘ಉಣ್ಣು ಹೋಗು.’

ಅವಳು ಕದಲಲಿಲ್ಲ. ಭಾಗಮ್ಮ ಹೇಳಿದ್ದನ್ನೆಲ್ಲ ಹೇಳಿದಳು: ಹೊಂಡ, ಸುತ್ತ ನಿಂತ ಜನ, ಎಲೆಯ ಮೇಲೆ ಉಳಿದ ಎಡೆ, ಹಳಸಿದ ದಿನ. ಕೃಷ್ಣಮ್ಮ ಕಣದ ಕಡೆಗೇ ನೋಡುತ್ತ ಕೇಳಿಸಿಕೊಂಡರು.

‘ನಿಮ್ಮ ಮಾವ ರೈಟರಾಗಿದ್ದಾಗ ಹಬ್ಬಕ್ಕೆ ಅವರನ್ನ ಕರ್ಕೊಂಡು ಬರೋ ಕೆಲಸ ಇವರದ್ದೇ’ ಎಂದರು ಕೊನೆಗೆ. ‘ಬಾಗಿಲು ಮುಚ್ಚಿಕೊಂಡು ಕೂತಿರ್ತಾರೆ ಕೃಷ್ಣಿ, ನಾನು ಹೊರಗೆ ಕೂತು ಬೇಡ್ಕೋತೀನಿ, ಕರ್ಕೊಂಡು ಹೋಗದಿದ್ರೆ ದೊರೆ ಕೆಲಸ ತೆಗೀತಾನೆ ಅಂತ ಬೇಡ್ಕೋತೀನಿ ಅಂತಿದ್ರು. ಯಾಕೆ ಬರಲ್ಲ ಅಂತ ಇವರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ.’ ಸೆರಗು ಸರಿ ಮಾಡಿಕೊಂಡರು. ‘ನೀನು ಇವತ್ತು ನನ್ನ ಮರ್ಯಾದೆ ತೆಗೆದೆ. ಅದನ್ನ ನಾನು ಮರೆಯಲ್ಲ. ಹೋಗು, ಉಣ್ಣು.’

ಯುಗಾದಿಯವರೆಗೂ ಅತ್ತೆ ಸೊಸೆಯ ನಡುವೆ ಬೇಕಾದಷ್ಟೇ ಮಾತು. ಮೇಲಿನ ಬ್ಲಾಕಿನ ಒಂದು ಮಗ್ಗುಲಲ್ಲಿ ಹೂವು ಸರಿಯಾಗಿ ಬಿಡಲಿಲ್ಲ. ಆ ದಿನ ನೀರು ನಿಂತದ್ದಕ್ಕೋ, ಹೊಂಡವೇ ಬತ್ತಿದ್ದಕ್ಕೋ ಹೇಳುವುದು ಕಷ್ಟ. ಅರುಣ್ ಮಾತ್ರ ಅಲ್ಲಿ ಹಾದುಹೋದಾಗೆಲ್ಲ ಕೊಂಬೆ ಹಿಡಿದು ಅವಳಿಗೆ ತೋರಿಸುತ್ತಿದ್ದ. ಅವಳು ನೋಡುತ್ತಿದ್ದಳು.

ಯುಗಾದಿ ಕಳೆದ ಒಂದು ಬೆಳಿಗ್ಗೆ ಕೃಷ್ಣಮ್ಮ ಮಗನನ್ನೂ ಸೊಸೆಯನ್ನೂ ಕೂರಿಸಿಕೊಂಡು ಹೇಳಿದರು. ‘ಬೀಗದ ಕೈ ಸಿಕ್ಕಿದ್ದು ಆವತ್ತು ಹೌದು. ನಾವು ಈ ಮನೆಗೆ ಬಂದು ಒಲೆ ಹಚ್ಚಿ ಹಾಲು ಉಕ್ಕಿಸಿದ್ದು ಯುಗಾದಿ ಆದ ಮೇಲಿನ ಗುರುವಾರ. ನಾನೇ ಉಕ್ಕಿಸಿದ್ದು. ಬರೋ ವರ್ಷದಿಂದ ಲೈನಿನವರ ಊಟ ಆವತ್ತು ಮಾಡಿ. ರಜೆ ಕೊಡಿ, ಕುರಿ ಕಡೀರಿ, ಹಗ್ಗ ಎಳೀಲಿ. ಕೊಡಲಿ ಬೇಡ.’ ಆಮೇಲೆ, ‘ಜೇನೂ ಬೇಡ’ ಎಂದರು. ಅದನ್ನು ಹೇಳಲು ಅವರಿಗೆ ಕಷ್ಟವಾಯಿತೆಂದು ಕಾಣುತ್ತಿತ್ತು.

ಹಾಗೇ ಆಯಿತು. ಎರಡು ಸಾವಿರದ ಇಸವಿಯಲ್ಲಿ ಶಿವರಾತ್ರಿ ಕಳೆದ ಭಾನುವಾರ ಕಲ್ಲುಗುಡ್ಡೆಯಲ್ಲಿ ಹಬ್ಬವಿರಲಿಲ್ಲ. ಆಳುಗಳಲ್ಲಿ ಕೆಲವರು ಗೊಣಗಿದರು, ಊಟ ಮುಂದೆ ಹೋಯಿತಲ್ಲ ಎಂದು. ಸೋಮಶೇಖರಪ್ಪನವರು ಫೋನ್ ಮಾಡಿ, ಇಷ್ಟು ವರ್ಷದ ಸಂಪ್ರದಾಯ ಹೀಗೆ ಬಿಡೋದಾ ಎಂದು ಬೇಸರ ತೋಡಿಕೊಂಡರು. ಅರುಣ್ ಆ ಭಾನುವಾರದ ಹಿಂದಿನ ರಾತ್ರಿಯೇ ಒಂದು ಬ್ಲಾಕಿನ ನೀರು ಪೂರ್ತಿ ಮುಗಿಸಿ, ಬೆಳಿಗ್ಗೆ ಪಂಪು ನಿಲ್ಲಿಸಿ, ಪಂಪಿನವನನ್ನು ಬಾಳೂರಿಗೆ ಡೀಸೆಲಿಗೆ ಕಳಿಸಿದ. ಶಾಲಿನಿ ಏನೂ ಕೇಳಿರಲಿಲ್ಲ. ಅವಳು ಮೇಲೆ ಹೋಗಲೂ ಇಲ್ಲ. ಜಗಲಿಯಲ್ಲಿ ನಿಂತಿದ್ದಳು. ಅಷ್ಟು ದೂರಕ್ಕೆ ಆ ದನಿ ಕೇಳುವುದಿಲ್ಲ. ಕೇಳುತ್ತದೇನೋ ಎಂದು ಒಳಗೂ ಹೊರಗೂ ತಿರುಗಾಡಿದಳು.

ಇಷ್ಟಾದರೂ ಅವಳಿಗೆ ಯಾರಾದರೂ ಒಳ್ಳೆಯ ಕೆಲಸ ಮಾಡಿದೆ ಎಂದಾರು ಎಂಬ ಆಸೆ ಇತ್ತು. ಮೆಣಸು ತೂಗಿಸಲು ಬಂದ ಭಾಗಮ್ಮನನ್ನು ಮಾತಿಗೆಳೆದಳು.

‘ಎಡೆ ಚೆನ್ನಾಗಿ ಆಯ್ತಾ ಭಾಗಮ್ಮ?’

‘ಆಯ್ತಮ್ಮ.’

‘ಈ ಸಲ ಏನೂ ತೊಂದರೆ ಆಗಲಿಲ್ಲ ತಾನೆ?’

ಭಾಗಮ್ಮ ಚೀಲದ ಬಾಯಿ ಕಟ್ಟುತ್ತಿದ್ದಳು. ‘ಮುದುಕರಿಗೆ ಬರೋದೇ ಕಷ್ಟ ಆಯ್ತು. ಹೋದ ಮಳೆಗಾಲದಲ್ಲಿ ಮೇಲುಗಡೆ ತಂತಿ ಬೇಲಿ ಹಾಕ್ಸಿದ್ರಲ್ಲ, ದಾರಿ ಅದರೊಳಗೆ ಸೇರಿಹೋಗಿದೆ. ಈಗ ಗುಡ್ಡ ಸುತ್ತಿಕೊಂಡು ಹೊಂಡಕ್ಕೆ ಬರಬೇಕು. ನೀರಿಗೂ ಅದೇ ದಾರಿ.’

‘ಒಂದು ಗೇಟು ಇಡಿಸ್ಲಾ? ಬೀಗದ ಕೈ ನಿಮ್ಮ ಹತ್ರವೇ ಇರ್ಲಿ.’

‘ಗೇಟು ಎಂಥಕ್ಕೆ? ಅಲ್ಲಿ ಮೊದಲು ಬೇಲಿಯೇ ಇರ್ಲಿಲ್ಲವಲ್ಲ’ ಎಂದಳು ಭಾಗಮ್ಮ. ಚೀಲ ತಕ್ಕಡಿಗೆ ಇಟ್ಟು ಮುಳ್ಳು ನೋಡಿದಳು.

ಶಾಲಿನಿ ಮನೆಗೆ ಬಂದಳು. ಅಡಿಗೆಮನೆಗೆ ಹೋದಳು, ಅಲ್ಲಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಜಗಲಿಗೆ. ಬೇಲಿ ಹಾಕಿಸಿದ್ದು ಕಾಡುಕೋಣದ ಕಾಟ ತಡೆಯಲಾರದೆ. ತಾನೇ ಹಾಕಿಸಿ ಎಂದು ಹೇಳಿದ್ದಳು. ಅರುಣ್ ಪೇಪರ್ ಓದುತ್ತ ಕೂತಿದ್ದ.

‘ರೀ, ಮೇಲಿನ ಬೇಲಿ ವಿಷಯ ಸ್ವಲ್ಪ ಮಾತಾಡಬೇಕು.’

ಅವನು ಪೇಪರ್ ಇಳಿಸಲಿಲ್ಲ. ಅದರ ಹಿಂದಿನಿಂದಲೇ ಒಂದು ನಿಟ್ಟುಸಿರು ಬಿಟ್ಟು, ಕಾಲಿನಿಂದ ಎದುರಿನ ಕುರ್ಚಿಯನ್ನು ಅವಳ ಕಡೆಗೆ ತಳ್ಳಿದ.

‘ಕೂತ್ಕೊಂಡು ಮಾತಾಡು.’